ಹೂಂಗುಟ್ಟುತ್ತಾ ಟಿವಿ ನೋಡುತ್ತಿದ್ದ ಓನರಮ್ಮ

ಕಳೆದ ವಾರ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಾಕೆ ವಳ್ಳೂರಿನ ತವರಿಂದ ಒಂದು ಚೀಲ ಹೊಸ ಹುಣಸೆಹಣ್ಣು ತಂದು ಸ್ಟಾಫ್ ರೂಮಿನ ಮೂಲೆಯಲ್ಲಿಟ್ಟಳು. ನಾರು, ಬೀಜ ಏನೂ ತೆಗೆಯದ ಹಣ್ಣು. ಪಾವಗಡದ ಬಿಸಿಲಿಗೆ ಕಾದ ಕೋಣೆಯಲ್ಲಿ ಆ ಹುಳಿ ವಾಸನೆ ಮೂಗಿಗೆ ಹತ್ತಿದ್ದೇ ತಡ, ಕೈಯಲ್ಲಿದ್ದ ಉತ್ತರ ಪತ್ರಿಕೆ ಹಾಗೇ ಉಳಿಯಿತು. ಮಧುಗಿರಿಯ ನಮ್ಮ ಹಳೇ ಬಾಡಿಗೆ ಮನೆ, ಅದರ ಕೆಳಗಿನ ನಡುಮನೆ, ಅಲ್ಲಿ ಹಣ್ಣಿನ ರಾಶಿಯ ಪಕ್ಕ ಕೂತಿದ್ದ ಓನರಮ್ಮ...

ಅವರಿಗೆ ಹೆಸರಿಲ್ಲದೆ ಇರಲಿಲ್ಲ. ಆದರೆ ಬೀದಿಗೆಲ್ಲ ಅವರು ಓನರಮ್ಮ. ಕಾಳಿನ ಮಂಡಿ ನಡೆಸುತ್ತಿದ್ದ ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಹಿಂದಿನ ಮನೆಯಲ್ಲಿ ಮೈದುನನ ಸಂಸಾರ, ಮೇಲಿನ ಮನೆಯಲ್ಲಿ ಬಾಡಿಗೆಗೆ ನಾವು. ದೊಡ್ಡೇರಿ ಕಡೆ ಅವರ ಹೊಲದ ಬದುವಿನಲ್ಲಿ ಹುಣಸೆಮರಗಳಿದ್ದವು. ಶಿವರಾತ್ರಿ ಕಳೆದರೆ ಸಾಕು, ಹಣೆ ತುಂಬ ವಿಭೂತಿ ಬಳಿದುಕೊಂಡು, ಚಪ್ಪಟೆ ಕಲ್ಲು, ಸಣ್ಣ ಸುತ್ತಿಗೆ ಇಟ್ಟುಕೊಂಡು ಟಿವಿ ಮುಂದೆ ಕೂರುವರು. ಹಣ್ಣು ಜಜ್ಜಿ ಬೀಜ ತೆಗೆಯುವುದು ಕೈಯ ಕೆಲಸ, ಟಿವಿಯವರ ತಪ್ಪು ತೆಗೆಯುವುದು ಬಾಯಿಯ ಕೆಲಸ.

ನಮ್ಮ ಕಡೆ ಅಜ್ಜಿಯರು ಕತೆ ಹೇಳುವಾಗ ಕೇಳುವವರು ಹೂಂಗುಟ್ಟಬೇಕಿತ್ತು. ಹೂಂ ಅನ್ನದಿದ್ದರೆ ಕತೆ ಅಲ್ಲಿಗೇ ನಿಲ್ಲುತ್ತಿತ್ತು. ಓನರಮ್ಮ ಈ ಕಟ್ಟಳೆಯನ್ನು ಟಿವಿಗೂ ಬಿಟ್ಟಿರಲಿಲ್ಲ. ಕತೆ ಮುಂದಕ್ಕೆ ನಡೆದರೆ ಒಂದು "ಹೂಂ". ನಡೆಯದಿದ್ದರೆ ಬಾಯಿ ಬಿಗಿದುಕೊಳ್ಳುತ್ತಿತ್ತು, ಸುತ್ತಿಗೆ ಜೋರಾಗುತ್ತಿತ್ತು. ಸಂಜೆಯ ಧಾರಾವಾಹಿಗಳ ಹೊತ್ತಿನಲ್ಲಿ ಆ ಸುತ್ತಿಗೆಯ ಸದ್ದು ನಮ್ಮ ಮಹಡಿಗೂ ಕೇಳುತ್ತಿತ್ತು.

"ಅಲ್ಲಾ ಟೀಚರಮ್ಮ, ಕಪಾಳಕ್ಕೆ ಒಂದೇಟು ಹೊಡ್ದಿದ್ನ ಮೂರು ದಪ ತೋರಿಸ್ತಾರೆ. ಮನೇಲಿರೋರ ಮಕ ಎಲ್ಲಾ ತೋರ್ಸಿ ಮುಗ್ಸೋ ಹೊತ್ಗೆ ನನ್ ಸಾರು ಸೀದೋಯ್ತದೆ. ಇಂಥದ್ಕೆ ಯಾವ ಜಾಗ್ದಲ್ಲಿ ಹೂಂ ಅನ್ಲಿ?"

ಸಿನಿಮಾದವರ ಗ್ರಾಫಿಕ್ಸ್ ಕಂಡರೂ ಅವರಿಗೆ ಆಗುತ್ತಿರಲಿಲ್ಲ. ಹೀರೊ ಒದ್ದ ಜೀಪು ಹಾರಿ ಬಿದ್ದರೆ ಧೂಳೇ ಏಳಲಿಲ್ಲವಲ್ಲ, ತೂಕವಿಲ್ಲದ್ದು ಬಿದ್ದರೆ ನೋಡುವವರಿಗೆ ಯಾಕೆ ಎದೆ ಹೊಡೆದುಕೊಳ್ಳಬೇಕು ಎಂದು ಕೇಳುತ್ತಿದ್ದರು. ಅವರು ಬಾಯಿತುಂಬ ಹೊಗಳುತ್ತಿದ್ದದ್ದು ನನ್ನ ಮಗಳು ನೋಡುತ್ತಿದ್ದ ಕಾರ್ಟೂನನ್ನು ಮಾತ್ರ. ಅದರಲ್ಲೊಂದು ಡೊಳ್ಳುಹೊಟ್ಟೆ ಕರಡಿ, ಅದನ್ನು ಗೋಳು ಹುಯ್ದುಕೊಳ್ಳುವ ಒಂದು ನರಿ. ಮಾತೇ ಇಲ್ಲ. ಬರೆದ ಕರಡಿಯಾದರೂ ಉಸಿರಾಡುವಾಗ ಹೊಟ್ಟೆ ಏಳುತ್ತದೆ, ಹಸಿದರೆ ಮುಖದಲ್ಲೇ ಗೊತ್ತಾಗುತ್ತದೆ, ಇದನ್ನು ಬರೆದವರು ಬದುಕು ಕಂಡವರು ಎನ್ನುತ್ತಿದ್ದರು.

ಅದರ ಮೇಲೂ ಒಂದು ತಕರಾರಿತ್ತು. ಕರಡಿ ಬೆಟ್ಟದ ತುದಿಯಿಂದ ಬೀಳುತ್ತಿತ್ತು, ರೊಟ್ಟಿಯ ಹಾಗೆ ಚಪ್ಪಟೆಯಾಗುತ್ತಿತ್ತು, ಆಮೇಲೆ ಮೈ ಕೊಡವಿಕೊಂಡು ಎದ್ದು ನಡೆಯುತ್ತಿತ್ತು. ಅಲ್ಲಿಗೆ ಓನರಮ್ಮನ ಹೂಂ ನಿಲ್ಲುತ್ತಿತ್ತು.

"ಬಿದ್ದೋನ್ಗೆ ನೋವಾಗ್ಬೇಕು. ಸತ್ರೆ ಯಾರಾನ ಅಳ್ಬೇಕು. ಇಲ್ದಿದ್ರೆ ಅದು ಕತೆ ಅಲ್ಲ ಕಣಮ್ಮ, ಬರೀ ಕುಣಿತ."

ಮಕ್ಕಳ ಚಿತ್ರಕ್ಕೂ ಇಷ್ಟು ವಿಮರ್ಶೆಯೇ ಎಂದು ನಾನು ನಕ್ಕಿದ್ದೆ. ಆಗ ನಾನು ನಗುತ್ತಿದ್ದ ಕಾಲ...

ಆ ವರ್ಷವೇ ನನ್ನ ಗಂಡ ಹೋದರು. ಶಿರಾ ದಾರಿಯಲ್ಲಿ ಬೈಕಿಗೆ ಲಾರಿ ತಗುಲಿ ಬಿದ್ದವರು ಏಳಲೇ ಇಲ್ಲ. ಹೆಣ ಮನೆಗೆ ಬರುವ ಮೊದಲೇ ಹಿರಿಯರು ಸೇರಿ ಮಗಳನ್ನು ಕೊರಟಗೆರೆಯ ನನ್ನ ತಂಗಿ ಮನೆಗೆ ಸಾಗಿಸಿಬಿಟ್ಟರು. ಇನ್ನೂ ಅಂಗನವಾಡಿಗೆ ಹೋಗುತ್ತಿದ್ದ ಮಗು, ನೋಡುವುದು ಬೇಡ ಎಂದರು. ಅಪ್ಪ ಬಿದ್ದುಬಿಟ್ಟರು ಎಂದು ಯಾರೋ ಆಡಿದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಅದರ ಮೇಲೆ ನನ್ನ ತಾಯಿ, ಅಪ್ಪ ಊರಿಗೆ ಹೋಗಿದಾರೆ, ಬರ್ತಾರೆ ಎಂದು ನಂಬಿಸಿದರು. ತಿಥಿ ಮುಗಿಯುವವರೆಗೂ ತಂಗಿ ಮನೆಯಲ್ಲಿ ಮಗುವಿಗೆ ಕಾರ್ಟೂನೇ ಕಾವಲು.

ವಾಪಸ್ಸು ಬಂದವಳು ಮಾತಾಡಲಿಲ್ಲ. ಅಮ್ಮ ಅನ್ನಲಿಲ್ಲ, ಹಸಿವು ಅನ್ನಲಿಲ್ಲ, ಅಳಲೂ ಇಲ್ಲ. ತುಮಕೂರಿನ ಡಾಕ್ಟರು ಕಿವಿ, ಗಂಟಲು ನೋಡಿ ಎಲ್ಲ ಸರಿಯಿದೆ, ಸ್ವಲ್ಪ ದಿನ ನೋಡಿ ಎಂದರು. ನನ್ನ ತಾಯಿ ತಾಯಿತ ಕಟ್ಟಿಸಿದರು. ರಜೆ ಮುಗಿಯಿತು. ಮಗಳನ್ನು ಓನರಮ್ಮನ ನಡುಮನೆಯಲ್ಲಿ ಕೂರಿಸಿ ನಾನು ದೊಡ್ಡೇರಿಯ ಶಾಲೆಗೆ ಬಸ್ಸು ಹತ್ತತೊಡಗಿದೆ. ಕ್ಲಾಸಿನಲ್ಲಿ ಮಕ್ಕಳು ಗಲಾಟೆ ಮಾಡಿದರೆ ಬೈಯಲು ಬಾಯಿ ಬರುತ್ತಿರಲಿಲ್ಲ. ಮಾತಾಡುವ ಮಕ್ಕಳನ್ನು ಯಾವ ಬಾಯಲ್ಲಿ ಸುಮ್ಮನಿರಿಸುವುದು?

ಒಂದು ದಿನ ಮೆಟ್ಟಿಲ ಹತ್ತಿರ ಓನರಮ್ಮ ನನ್ನನ್ನು ತಡೆದರು.

"ಟೀಚರಮ್ಮ, ಕರಡಿ ಬಿದ್ದಾಗ ಎಲ್ಲಾ ಮಕ್ಳೂ ನಗ್ತಾವೆ. ನಿಮ್ ಮಗಳು ಉಸ್ರು ಹಿಡ್ಕಂತಾಳೆ. ಅದು ಎದ್ದೇಟ್ಗೆ ಬಾಗ್ಲು ಕಡೆ ನೋಡ್ತಾಳೆ. ಯಾಕೆ ಅಂತ ಗೊತ್ತಾ?"

ಗೊತ್ತಾಯಿತು. ಬೇಗ ಬೇಗ ಮೆಟ್ಟಿಲು ಹತ್ತಿಬಿಟ್ಟೆ.

ಆಮೇಲೊಂದು ಸಂಜೆ ಶಾಲೆಯಿಂದ ಬಂದು ಬಾಗಿಲ ಬಳಿ ಚಪ್ಪಲಿ ಬಿಡುತ್ತಿದ್ದೆ. ಒಳಗೆ ಟಿವಿ ಓಡುತ್ತಿತ್ತು, ಸದ್ದು ತೆಗೆದಿದ್ದರು. ಓನರಮ್ಮ ತಾವೇ ಕತೆ ಹೇಳುತ್ತಿದ್ದರು.

"ನರಿ ನೂಕ್ತು. ಕರಡಿ ಬೆಟ್ಟದ್ ಮ್ಯಾಲಿಂದ ಬಿತ್ತು." ಮಗಳ ಹೂಂಗಾಗಿ ಕಾದರು. "ಬಿದ್ದು ಸತ್ತೋಯ್ತು."

"ಇಲ್ಲ."

ಒಡಕು ದನಿ. ನನ್ನ ಮಗಳದ್ದೇ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಎದ್ದೇಳುತ್ತೆ," ಎಂದಳು ಅವಳು.

ಓನರಮ್ಮ ಸುತ್ತಿಗೆ ಕೆಳಗಿಟ್ಟರು. "ಅದು ಬರ್ದಿರೋ ಕರಡಿ ಕಣವ್ವ. ಅಳ್ಸಿ ಇನ್ನೊಂದ್ ದಪ ಬರೀತಾರೆ, ಅದ್ಕೇ ಏಳ್ತದೆ. ಮನ್ಸುರ್ನ ಅಂಗೆ ಬರ್ಯಕ್ಕಾಗಾಕಿಲ್ಲ. ನಿಮ್ಮಪ್ಪ ಬಿದ್ರು. ಸತ್ತೋದ್ರು. ಇನ್ನು ಬರಾಕಿಲ್ಲ."

ನುಗ್ಗಿ ಹೋಗಿ ಆ ಹೆಂಗಸಿನ ಬಾಯಿ ಮುಚ್ಚಬೇಕು ಅನಿಸಿತು. ಅಷ್ಟು ಕೋಪ ನನಗೆ ಯಾರ ಮೇಲೂ ಬಂದಿರಲಿಲ್ಲ, ಆ ಲಾರಿಯವನ ಮೇಲೂ. ಆದರೂ ಬಾಗಿಲಲ್ಲೇ ನಿಂತೆ. ಮಗಳು ಓನರಮ್ಮನ ಮುಖವನ್ನೇ ನೋಡಿದಳು. ಟಿವಿಯಲ್ಲಿ ಕರಡಿ ಆಗಲೇ ಎದ್ದು ಸದ್ದಿಲ್ಲದೆ ಮತ್ತೆ ಬೆಟ್ಟ ಹತ್ತುತ್ತಿತ್ತು. ಮಗಳು ಆ ಕಡೆ ತಿರುಗಲಿಲ್ಲ.

"ಹೂಂ," ಎಂದಳು.

ಮುಂದೆ ಹೇಳು ಎಂದು ಅದರರ್ಥ. ಬಾಯಿಜೋರಿನ ಆ ಹೆಂಗಸು ಮಾತಿಗೆ ತಡವರಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಆಮ್ಯಾಕೆ... ನಿಮ್ಮಮ್ಮ ಅತ್ಲು. ನಾನೂ ಅತ್ತೆ. ನೀನೊಬ್ಳು ಅಳ್ನಿಲ್ಲ ಕಣ್ ಮಗ."

ಆಗ ಅತ್ತಳು ನನ್ನ ಮಗಳು. ದೀಪ ಹಚ್ಚುವ ಹೊತ್ತು ದಾಟಿದರೂ ಅತ್ತಳು. ನಾನು ಒಳಗೆ ಹೋಗಿ ಹುಣಸೆಬೀಜಗಳ ಮೇಲೇ ಕೂತು ಅವಳನ್ನು ತೊಡೆಗೆ ಎಳೆದುಕೊಂಡೆ. ಕೊನೆಗೆ ಅವಳೇ ಕಣ್ಣೊರೆಸಿಕೊಂಡು ಮೊಸರನ್ನ ಬೇಕು ಎಂದಳು.

ಸುದ್ದಿ ತಿಳಿದ ನನ್ನ ತಾಯಿ ಬಂದು, ಎಳೆ ಮಗುವಿಗೆ ಹಾಗೆ ಹೇಳುತ್ತಾರೆಯೇ, ಎದೆಯೋ ಕಲ್ಲೋ ಎಂದು ಓನರಮ್ಮನ ಮೇಲೆ ಹರಿಹಾಯ್ದರು. ಓನರಮ್ಮ ತಲೆ ಬಗ್ಗಿಸಿ ಹಣ್ಣು ಜಜ್ಜುತ್ತಲೇ ಇದ್ದರು. ನಾನೂ ಅವರೂ ಆ ಸಂಜೆಯ ಬಗ್ಗೆ ಮಾತಾಡಲಿಲ್ಲ. ವರ್ಗವಾಗಿ ಪಾವಗಡಕ್ಕೆ ಬಂದ ಮೇಲೆ ಹಬ್ಬಕ್ಕೊಂದು ಫೋನು ಅಂತಿತ್ತು. ಆಮೇಲೆ ಅವರ ನಂಬರ್ ಹತ್ತಲಿಲ್ಲ. ಇವತ್ತು, ನಾಳೆ ಅಂತಲೇ ವರ್ಷಗಳು ಕಳೆದವು...

ಹುಣಸೆಯ ವಾಸನೆ ಹಿಡಿದುಕೊಂಡು ಮೊನ್ನೆ ಭಾನುವಾರ ಮಧುಗಿರಿಗೆ ಹೋದೆ. ಅವರ ಮೈದುನನ ಹೆಂಡತಿ ಬಾಗಿಲು ತೆಗೆದರು.

"ಅಕ್ಕ ಹೋದ್ ಆಷಾಢದಲ್ಲೇ ಲಿಂಗೈಕ್ಯರಾದ್ರಲ್ಲ ಟೀಚರಮ್ಮ! ನಿಮ್ಗೆ ಯಾರೂ ಹೇಳ್ನಿಲ್ವಾ?"

ಕೊನೆಕೊನೆಗೆ ಟಿವಿಯೂ ಬೇಡ ಎನ್ನುತ್ತಿದ್ದರಂತೆ. ಹಾಕಿದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದರಂತೆ. ಕಾಫಿ ಕೊಟ್ಟರು, ಕುಡಿದೆ. ಏನು ಕುಡಿದೆನೋ ಗೊತ್ತಾಗಲಿಲ್ಲ.

ಮನೆಗೆ ಬಂದಾಗ ಮಗಳು ಫೋನಿನಲ್ಲಿ ಯಾವುದೋ ಅನಿಮೇಷನ್ ಸಿನಿಮಾ ನೋಡುತ್ತಿದ್ದಳು. ಈಗವಳು ಪಿಯುಸಿ. ನಿಧಾನ ಅನಿಸಿದರೆ ವೇಗ ಹೆಚ್ಚಿಸಿಕೊಂಡು ನೋಡುತ್ತಾಳೆ. ಸಿನಿಮಾ ಮುಗಿದ ಮೇಲೆ ಅದರಲ್ಲಿ ಏನೇನು ಸರಿಯಿಲ್ಲ ಎಂದು ನನ್ನ ತಲೆ ತಿನ್ನುತ್ತಾಳೆ. ನಾನು ಸುತ್ತಿ ಬಳಸದೆ ಹೇಳಿದೆ.

"ಮಧುಗಿರಿ ಓನರಮ್ಮ ಸತ್ತೋದ್ರಂತೆ ಕಣೆ."

ಅವಳು ಸಿನಿಮಾ ನಿಲ್ಲಿಸಿದಳು. "ಯಾರಮ್ಮ ಅವ್ರು?"

"ನೀನು ಚಿಕ್ಕೋಳಿದ್ದಾಗ ಅವರ ಮನೇಲಿ ಕೂತು ಟಿವಿ ನೋಡ್ತಿದ್ದೆ."

"ನೆನಪೇ ಇಲ್ಲ," ಎಂದಳು. ನನ್ನ ಮುಖ ನೋಡಿ ಪಾಪ ಅನಿಸಿರಬೇಕು, "ಬೇಜಾರ್ ಮಾಡ್ಕೋಬೇಡಮ್ಮ," ಎಂದು ಕೈ ಹಿಡಿದುಕೊಂಡಳು.

ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ. "ಅಪ್ಪ ಇಲ್ಲ ಅಂತ ನಿನಗೆ ಯಾರು ಹೇಳಿದ್ದು, ಗೊತ್ತಾ?"

ಅವಳು ಯೋಚಿಸಲೂ ಇಲ್ಲ. "ನೀನೇ ಅಲ್ವಾ? ನಿನ್ ತೊಡೆ ಮೇಲೆ ಕೂತು ಅತ್ತಿದ್ದು ನೆನಪಿದೆ."