ರಿಂಗಮ್ಮನ ಕಿವಿ

ಮಷಿನ್ನಿನಲ್ಲಿ ಕಸೂತಿ ಹಾಕುವ ರಿಂಗಮ್ಮನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಅವಳ ಗೋಡೆಯ ಮೊಳೆಗಳಲ್ಲಿ ಬಳೆಯಷ್ಟರಿಂದ ಹಿಡಿದು ಊಟದ ತಟ್ಟೆಯಷ್ಟರವರೆಗೆ, ಬಟ್ಟೆ ಬಿಗಿಯುವ ಇಪ್ಪತ್ತೆರಡು ರಿಂಗುಗಳು ನೇತಾಡುತ್ತವೆ. ಗಿರಾಕಿ ಕೇಳಿದ ಹೂವಿನ ಚಿತ್ರದ ಮೇಲೆ ಒಂದೊಂದನ್ನೇ ಇಟ್ಟು ನೋಡಿ, ಹೂವು ಹಿಡಿಯುವಷ್ಟೇ ಚಿಕ್ಕದನ್ನು ಅವಳು ಆರಿಸುವ ಹೊತ್ತಿಗೆ ನಿಜವಾದ ಹೂವಾಗಿದ್ದರೆ ಬಾಡಿಯೇ ಹೋಗುತ್ತಿತ್ತು. "ದೊಡ್ಡ ರಿಂಗು ಹಾಕಿದ್ರೆ ಬಟ್ಟೆಗೆ ಸೋಮಾರಿತನ ಬರುತ್ತೆ ಕಣಮ್ಮ," ಎನ್ನುತ್ತಾಳೆ. ಹಾಸಿಗೆಯ ಚಾದರ ಒಂದು ಕಡೆ ಸುಕ್ಕಾಗಿದ್ದರೂ ಅವಳಿಗೆ ನಿದ್ದೆ ಹತ್ತುವುದಿಲ್ಲವಂತೆ. ರಿಂಗಿಗೆ ಬಟ್ಟೆ ಸಿಕ್ಕಿಸಿ, ಸ್ಕ್ರೂ ಬಿಗಿದು, ಬಿಗಿ ಸಾಕೇ ಎಂದು ತಿಳಿಯಲು ಬಟ್ಟೆಯನ್ನು ಉಗುರಿನಿಂದ ಟಕ್ ಎಂದು ಬಡಿದು ಆ ಸದ್ದಿಗೆ ಕಿವಿಗೊಡುತ್ತಾಳೆ. ಆಗ ಅಂಗಡಿಯಲ್ಲಿ ಯಾರೂ ಕೆಮ್ಮುವಂತಿಲ್ಲ. ಆಮೇಲೆ ಪಕ್ಕದ ಮಷಿನ್ನಿನಲ್ಲಿ ಕೂತ ಸೊಸೆಯತ್ತ ತಿರುಗಿ, "ನಿಂಗೇನನ್ನಿಸ್ತು?" ಎನ್ನುತ್ತಾಳೆ. ಸೊಸೆ ತಲೆಯಾಡಿಸಿದರೆ ಹೊಲಿಗೆ ಶುರು, ಮುಖ ಕಿವುಚಿದರೆ ಸ್ಕ್ರೂ ಇನ್ನರ್ಧ ಸುತ್ತು. ಅತ್ತೆ ಎಷ್ಟು ಚೆನ್ನಾಗಿ ಕೆಲಸ ಕಲಿಸುತ್ತಾಳೆ ಎಂದು ಗಿರಾಕಿಗಳು ಮೆಚ್ಚಿಕೊಳ್ಳುತ್ತಾರೆ. ಆದರೆ ವರ್ಷಗಟ್ಟಲೆ ಮಷಿನ್ನಿನ ಸದ್ದು ಕೇಳಿ ಕೇಳಿ ರಿಂಗಮ್ಮನ ಕಿವಿ ಮಂದವಾಗಿದೆ. ಆ ಟಕ್ ಅವಳಿಗೆ ಕೇಳಿಸದೆ ಎರಡು ವರ್ಷವಾಯಿತು. ಅತ್ತೆ ಅದನ್ನು ಬಾಯಿಬಿಟ್ಟು ಹೇಳಿಲ್ಲ, ಸೊಸೆ ಕೆದಕಿಲ್ಲ. ಅತ್ತೆಯ ಕೈ ಸ್ಕ್ರೂವಿನತ್ತ ಹೋದದ್ದು ಕಂಡರೆ ಸಾಕು, ಸೊಸೆ ತನ್ನ ಮಷಿನ್ ನಿಲ್ಲಿಸಿ, ಇಬ್ಬರ ಪಾಲಿನದ್ದನ್ನೂ ತಾನೇ ಕೇಳಿಸಿಕೊಳ್ಳುತ್ತಾಳೆ.