ದೊಡ್ಡಪ್ಪನ ಕಾರಿನ ಎಡಬಾಗಿಲು

ನಾನು ಹೇಳುತ್ತಿರುವ ಕಾಲದಲ್ಲಿ ಇಲಕಲ್ಲಿನ ನಮ್ಮ ಓಣಿಯಲ್ಲಿ ಕಾರಿನ ಬಾಗಿಲು ಹಾಕುವುದನ್ನೂ ಮಂದಿಗೆ ಕಲಿಸಬೇಕಾಗುತ್ತಿತ್ತು. ಓಣಿಗೆಲ್ಲ ಇದ್ದದ್ದು ಒಂದೇ ಕಾರು, ಅದು ನಮ್ಮ ದೊಡ್ಡಪ್ಪನದು. ಸೀರೆ ವ್ಯಾಪಾರದ ದೊಡ್ಡಪ್ಪ ಅದನ್ನು ಯಾರಿಂದಲೋ ಹಳೆಯದನ್ನೇ ಕೊಂಡಿದ್ದರು. ಹೊರಗೆ ಬಿಳಿ, ಒಳಗೆ ಕೆಂಪು ರೆಕ್ಸಿನ್ನು. ಬಿಸಿಲಿಗೆ ಕಾದರೆ ಪೆಟ್ರೋಲು ಮತ್ತು ಹೊಸ ಸೀರೆ ಕೂಡಿದ ಒಂದು ವಾಸನೆ ಬರುತ್ತಿತ್ತು. ಹತ್ತಿದವರಿಗೆಲ್ಲ ಅವರ ಉಪದೇಶ ಒಂದೇ: "ಬಾಗಲಾ ಬಡೀಬ್ಯಾಡ್ರಿ, ಮೆತ್ತಗ ಹಾಕ್ರಿ." ಆ ಉಪದೇಶವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದವಳು ಇಡೀ ಮನೆಯಲ್ಲಿ ನಾನೊಬ್ಬಳೇ. ಆಗ ನನಗೆ ಹತ್ತು ವರ್ಷ. ಇದನ್ನು ಈಗಲೂ ಹಲ್ಲು ಕಚ್ಚಿಕೊಂಡೇ ಬರೆಯುತ್ತಿದ್ದೇನೆ.

ಆ ವರ್ಷ ಖಂಡೇಪೂಜೆಯ ದಿನ ಕತ್ತರಿ, ಕುಡುಗೋಲು, ಹೊಲಿಗೆ ಯಂತ್ರಕ್ಕೆಲ್ಲ ವಿಭೂತಿ ಹಚ್ಚಿದ ಮೇಲೆ ಕಾರಿನ ಸರದಿ ಬಂತು. ಹಿಂದಿನ ಎಡಬಾಗಿಲು ಕಿರ್ ಅನ್ನುತ್ತಿತ್ತು. ದೊಡ್ಡಪ್ಪನಿಗೆ ಕುಸುಬಿ ಎಣ್ಣೆಯ ಮೇಲೆ ದೇವರಿಗಿಂತ ಹೆಚ್ಚು ನಂಬಿಕೆ. ಒಗ್ಗರಣೆಗೆ ಅದೇ, ಮೊಣಕಾಲಿಗೆ ಅದೇ, ತುಕ್ಕು ಹಿಡಿದ ಕೀಲಿಗೂ ಅದೇ. ಗಾಣದಿಂದ ತಂದ ಎಣ್ಣೆಯನ್ನು ಅರ್ಧ ಬಟ್ಟಲಿನಷ್ಟು ಆ ಬಾಗಿಲಿನ ತಿರುಗಣಿಗೂ ಚಿಲಕದ ಸಂದಿಗೂ ಸುರಿದರು. ಬಟ್ಟಲು ಹಿಡಿದು ನಿಂತಿದ್ದವಳು ನಾನು.

"ನೋಡವಾ, ಇನ್ನ ಹತ್ತ ವರ್ಷ ಚಿಂತಿಲ್ಲ" ಅಂದರು. ಚಿಂತೆ ಮೂರು ತಿಂಗಳೊಳಗೇ ಬಂತು.

ಎಳ್ಳಮವಾಸ್ಯೆಯ ಹಿಂದಿನ ದಿನ ದೊಡ್ಡಪ್ಪನ ಜೊತೆ ಹುನಗುಂದಕ್ಕೆ ಹೋಗಿ ಸಂತೆ ಮಾಡಿಕೊಂಡು ಬಂದೆವು. ನಾನು ಕೊನೆಗೆ ಇಳಿದು, ಎರಡೂ ಕೈಯಿಂದ ಮೆಲ್ಲಗೆ ಆ ಎಡಬಾಗಿಲು ದೂಡಿದೆ. ಅದು ಕೂರದೆ ಹಿಂದಕ್ಕೆ ಬಂತು. ಮತ್ತೆ ದೂಡಿದೆ, ಮತ್ತೆ ಬಂತು. ಕಟ್ಟೆಯ ಮೇಲೆ ಮನೆಯವರು, ನೆರೆಯವರು ಸೇರಿ ಹನ್ನೊಂದು ಮಂದಿ ಕೂತಿದ್ದರು. ಅಷ್ಟೂ ಮಂದಿಯ ಮುಂದೆ ದೊಡ್ಡಪ್ಪ ಕೂಗಿದರು.

"ಬಡದಿ ಹೌದಲ್ಲ?"

"ಇಲ್ಲರಿ ದೊಡ್ಡಪ್ಪ, ಮೆತ್ತಗ ಹಾಕಿನ್ರಿ."

"ಸುಳ್ಳ ಬ್ಯಾರೆ ಹೇಳ್ತೀಯೇನ?"

ಆಮೇಲೆ ತಾವೇ ಬಂದು ಭುಜ ಕೊಟ್ಟು ಧಡ್ ಅಂತ ನೂಕಿದರು. ಬಾಗಿಲು ಕೂತಿತು, ಆದರೆ ಮತ್ತೆ ತೆರೆಯಲಿಲ್ಲ. ಒಳಗಿನಿಂದ ಜಗ್ಗಿದರೂ ಇಲ್ಲ, ಹೊರಗಿನಿಂದ ಜಗ್ಗಿದರೂ ಇಲ್ಲ. ಬಡಿದವರು ಯಾರೆಂದು ಹನ್ನೊಂದು ಮಂದಿಯೂ ಕಣ್ಣಾರೆ ನೋಡಿದ್ದರು. ಒಬ್ಬರೂ ತುಟಿ ಬಿಚ್ಚಲಿಲ್ಲ. ನಮ್ಮವ್ವ ಕೂಡ ಸೆರಗು ಸರಿಮಾಡಿಕೊಳ್ಳುತ್ತ ನೆಲ ನೋಡಿದಳು. ನನ್ನನ್ನು ಹೆಚ್ಚು ಸುಟ್ಟದ್ದು ಅದೇ.

ಮರುದಿನ ಎಲ್ಲರೂ ಚರಗಕ್ಕೆ ಗುಡೂರಿನ ಹೊಲಕ್ಕೆ ಹೊರಟರು. ಬೆಳೆದು ನಿಂತ ಜೋಳದ ನಡುವೆ ಎಡೆ ಚೆಲ್ಲಿ, ಅಲ್ಲೇ ಕೂತು ಉಣ್ಣುವ ಹಬ್ಬ ಅದು. ಇಡೀ ವರ್ಷ ನಾನು ಕಾಯುತ್ತಿದ್ದ ದಿನ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯದ ಬುಟ್ಟಿಗಳು ಕಾರಿನ ಹಿಂದೆ ಸೇರಿದವು. ಒಬ್ಬರ ತೊಡೆಯ ಮೇಲೊಬ್ಬರು ಬಲಬಾಗಿಲಿನಿಂದ ತೂರಿಕೊಂಡರು. ನಾನು ಹೊಸ ಲಂಗ ಉಟ್ಟು ಮುಂದೆ ಹೋದೆ. ದೊಡ್ಡಪ್ಪ ಕೈ ಅಡ್ಡ ಹಿಡಿದರು.

"ಬಾಗಲಾ ಮುರದಾಕಿ ಮನ್ಯಾಗ ಇರಲಿ. ಬುದ್ಧಿ ಬರ್ತೇತಿ."

ಕಣ್ಣು ಕಾಣದ ಅಜ್ಜಿಯ ಜೊತೆ ನನ್ನನ್ನು ಬಿಟ್ಟು ಕಾರು ಹೋಯಿತು. ಅವ್ವ ಅಡುಗೆಮನೆಯಲ್ಲಿ ನನಗಾಗಿ ಎರಡು ಶೇಂಗಾ ಹೋಳಿಗೆ ಮುಚ್ಚಿಟ್ಟಿದ್ದಳು. ಮುಟ್ಟುವುದಿಲ್ಲವೆಂದು ಆಣೆ ಮಾಡಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಎರಡನ್ನೂ ತಿಂದು, ತಿಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂದು ಅತ್ತೆ.

ಎರಡು ದಿನ ಬಿಟ್ಟು ಬಸ್‌ಸ್ಟ್ಯಾಂಡ್ ಹತ್ತಿರದ ಗ್ಯಾರೇಜಿನ ಹುಸೇನಸಾಬ ಮೇಸ್ತ್ರಿ ಬಂದರು. ಬಲಬಾಗಿಲಿನಿಂದ ನುಸುಳಿ, ಸ್ಕ್ರೂ ತಿರುವಿ, ಎಡಬಾಗಿಲಿನ ಒಳಗಿನ ರೆಕ್ಸಿನ್ ಹಲಗೆ ಕಳಚಿದರು. ಅಂತೂ ಬಾಗಿಲು ತೆರೆದು, ಚಿಲಕವನ್ನು ಪೂರ್ತಿ ಹೊರಗೆ ತೆಗೆದರು. ಕಂದು ಬಣ್ಣದ ಅಂಟು ಅದನ್ನು ಬೆಲ್ಲದ ಪಾಕದ ಹಾಗೆ ಕಚ್ಚಿ ಹಿಡಿದಿತ್ತು. ಮೇಸ್ತ್ರಿ ಮೂಸಿ ನೋಡಿದರು.

"ಸಾವಕಾರ್ರ, ಇದಕ್ಕ ಕುಸುಬಿ ಎಣ್ಣಿ ಹಾಕಿದವರು ಯಾರ್ರಿ? ಅದು ಒಣಗಿದ್ರ ಅಂಟ ಆಗ್ತೇತ್ರಿ. ಧೂಳ ಕೂಡಿ ಕಲ್ಲ ಆಗೇತಿ ನೋಡ್ರಿ."

ಮತ್ತೆ ಅದೇ ಕಟ್ಟೆ, ಅದೇ ಮಂದಿ. ನಾನು ದೊಡ್ಡಪ್ಪನ ಮುಖ ನೋಡಿದೆ.

"ಎಣ್ಣಿ ಏನ್ ಮಾಡ್ತೇತಿ? ಹುಡುಗಿ ಬಡದದ್ದಕ್ಕ ಹಂಗ ಆಗೇತಿ."

"ಬಡದ ಗುರುತ ಇಲ್ಲರಿ. ಕೊಂಡಿ ಸೊಟ್ಟ ಆಗಿಲ್ಲ, ಏನಿಲ್ಲ."

"ನೀ ನಿನ್ನ ಕೆಲಸಾ ಮಾಡೋ ಮಾರಾಯಾ."

ಮೇಸ್ತ್ರಿ ಚಿಲಕವನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಬ್ರಶ್ಶಿನಿಂದ ತಿಕ್ಕಿ, ಗ್ರೀಸ್ ಹಚ್ಚಿ ಕೂಡಿಸಿದರು. ದೊಡ್ಡಪ್ಪ ಒಂದೇ ಬೆರಳಿನಿಂದ ಬಾಗಿಲು ಹಾಕಿ ತೋರಿಸಿ ಎಲ್ಲರ ಕಡೆ ನೋಡಿ ನಕ್ಕರು. ಆಮೇಲೆ ನನಗೆ ಹೇಳಿದರು, "ಇನ್ನರ ಮೆತ್ತಗ ಹಾಕು."

ಇನ್ನಾದರೂ ಅಂತೆ! ಬಾಗಲಾ ಮುರದಾಕಿ ಎಂಬ ಹೆಸರು ಮಾತ್ರ ನನಗೆ ಅಂಟಿಯೇ ಹೋಯಿತು. ಶಾಲೆಯಲ್ಲಿ ಅಣ್ಣಂದಿರು ಹಾಗೆಂದೇ ಕೂಗಿದರು. ನನ್ನ ಮದುವೆಯ ದಿನ ಕಾರು ಹತ್ತುವಾಗ ಯಾರೋ ನನ್ನ ಗಂಡನಿಗೆ "ಬಾಗಲಾ ನೀವ ಹಾಕ್ರಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ನಗದಿದ್ದರೆ ಸಣ್ಣ ಮನಸ್ಸಿನವಳು ಅನ್ನುತ್ತಾರಲ್ಲ.

ಕೆಲವು ವರ್ಷಗಳ ಹಿಂದೆ ದೊಡ್ಡಪ್ಪ ಬಾಗಲಕೋಟೆಯ ದವಾಖಾನೆಯಲ್ಲಿದ್ದಾಗ ನೋಡಲು ಹೋಗಿದ್ದೆ. ಮಧ್ಯಾಹ್ನದ ಹೊತ್ತು, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮೋಸಂಬಿ ಸುಲಿದು ಕೊಡುತ್ತಿದ್ದಾಗ ತಾವಾಗಿಯೇ ಆ ಮಾತು ತೆಗೆದರು.

"ಆ ಬಾಗಲಾ ಕೆಡಿಸಿದಾಂವ ನಾನವಾ. ಮೇಸ್ತ್ರಿ ಹೇಳಿದಾಗ ತಿಳೀತು. ಅಷ್ಟ ಮಂದಿ ಮುಂದ ಹೆಂಗ ಒಪ್ಪಿಕೊಳ್ಳಲಿ?"

"ಅಷ್ಟ ಮಂದಿ ಮುಂದ ನನ್ನ ಹೆಂಗ ಬೈದ್ರಿ?"

ಅವರು ಗೋಡೆಯ ಕಡೆ ಹೊರಳಿದರು. ಹೊರಗಿನಿಂದ ಯಾರನ್ನಾದರೂ ಕರೆದು, ಇನ್ನೊಮ್ಮೆ ಹೇಳ್ರಿ ಅನ್ನಬೇಕೆನಿಸಿತು. ಸೊರಗಿದ ಆ ಕೈ ನೋಡಿ ಉಳಿದ ಮೋಸಂಬಿ ಸುಲಿಯತೊಡಗಿದೆ. ಹದಿನೈದು ದಿನಕ್ಕೆ ಅವರು ಹೋದರು. ನಾನು ಅತ್ತದ್ದು ನಿಜ, ಆದರೆ ಸಿಟ್ಟು ಆರಿರಲಿಲ್ಲ.

ಈಗ ನನ್ನ ಕಾರಿನ ಬಾಗಿಲು ಕೆಟ್ಟರೆ ಶೋರೂಮಿನವರು ಚಿಲಕವನ್ನೇ ಕಿತ್ತು ಹೊಸದು ಹಾಕುತ್ತಾರೆ. ಬಿಚ್ಚಿ, ಮೂಸಿ, ತಪ್ಪು ಯಾರದೆಂದು ಹೇಳುವ ಹುಸೇನಸಾಬರಂಥವರು ಇಲ್ಲ. ಹಳೆಯ ಕಾರು ಗುಜರಿಗೆ ಹೋಯಿತು, ಮನೆ ಪಾಲಾಯಿತು. ಕಟ್ಟೆಯ ಮೇಲೆ ಕೂತಿದ್ದ ಹನ್ನೊಂದು ಮಂದಿಯಲ್ಲಿ ಈಗ ಉಳಿದವರು ಇಬ್ಬರು. ಆ ಇಬ್ಬರಿಗೂ ನೆನಪಿರುವುದು ನಾನು ಬಾಗಿಲು ಮುರಿದದ್ದು ಮಾತ್ರ.