ಡೆಮೊ ಕ್ಲಾಸಿನ ನಾಯಿ

ಸಾಫ್ಟ್‌ವೇರ್ ಭರಾಟೆಯ ಆ ದಿನಗಳಲ್ಲಿ, ಬೀದಿತುಂಬ ಕೋಚಿಂಗ್ ಸೆಂಟರುಗಳಿದ್ದ ಅಮೀರ್‌ಪೇಟ್‌ನಲ್ಲಿ ಜಾವಾ ಕಲಿಸುವವರಿಗೂ, ನನ್ನಂತೆ ಬಿ.ಎಡ್. ವಿದ್ಯಾರ್ಥಿಗಳಿಗೆ ಕಲಿಕೆಯ ಸಿದ್ಧಾಂತ ಹೇಳಿಕೊಡುವವರಿಗೂ ಡೆಮೊ ತಪ್ಪುತ್ತಿರಲಿಲ್ಲ. ಮೊದಲ ಕ್ಲಾಸು ಪುಕ್ಕಟೆ, ಹಿಡಿಸಿದರೆ ಸೇರುತ್ತಾರೆ. ಅವತ್ತು, ಗಂಟೆಯ ಸದ್ದಿಗೇ ಜೊಲ್ಲು ಸುರಿಸಲು ಕಲಿತ ನಾಯಿಯ ಪ್ರಯೋಗ ಶುರುಮಾಡಿದ್ದೆ. ಮುಂದಿನ ಬೆಂಚಿನಲ್ಲಿ ಬೀದರ್ ಕಡೆಯ ಹೆಣ್ಣುಮಗಳೊಬ್ಬಳು ಮುಸಿಮುಸಿ ನಗುತ್ತಿದ್ದಳು. ಯಾಕಮ್ಮಾ ಅಂದೆ.

“ಭಾಳ ಕಡೆ ಡೆಮೊ ಕುಂತು ಬಂದೀನ್ರಿ ಸರ್. ಎಲ್ಲಾ ಕಡೆ ಮೊದಲು ಈ ನಾಯೀನ ಬರ್ತದ. ನಾಯಿಗಿ ಗಂಟಿ ಹೆಂಗೋ, ನಿಮಗ ಡೆಮೊ ಹಂಗ್ರಿ.”

ಸಿದ್ಧಾಂತವನ್ನು ಅಷ್ಟು ಚೆಂದ ನಾನೂ ಯಾವತ್ತೂ ಹೇಳಿರಲಿಲ್ಲ. ಹಾಗಂತ ಅವಳಿಗೇ ಹೇಳಿದೆ. ನಮ್ಮಲ್ಲೇ ಸೇರಿದಳು.

ಮುಂದಿನ ಡೆಮೊ, ಪೆಟ್ಟಿಗೆಯಿಂದ ಹೊರಬರಲು ಕಲಿತ ಬೆಕ್ಕಿನ ಪ್ರಯೋಗದಿಂದಲೇ ಶುರುವಾಗಲಿ ಎಂದು ಗಟ್ಟಿಮಾಡಿಕೊಂಡು ಹೋದೆ. ಬಾಯಿ ತೆರೆದೆ, ನಾಯಿಯೇ ಬಂತು.